ಮಿನ್ನೆಸೋಟಾದ ಚಳಿಗಾಲದಲ್ಲಿ ಜರ್ಮನ್ ಶೆಫರ್ಡ್ ನಾಯಿಯನ್ನು ಹಿತ್ತಿಲಿನ ಗೂಡಿನಲ್ಲಿ ಎಷ್ಟು ಡಿಗ್ರಿಯವರೆಗೆ ಇಡಬಹುದು?

ಅತ್ತೆಯವರ ಮಡಿಗೆ ಭಂಗ ಬರಬಾರದೆಂದು ಎಂಟು ತಿಂಗಳ ಮರಿಯನ್ನು ಹಿತ್ತಿಲಿನಲ್ಲಿ ಇಟ್ಟಿದ್ದೀರಿ, ಗೂಡಿನ ತುಂಬ ಕಂಬಳಿ ಹಾಸಿದ್ದೀರಿ, ಎಷ್ಟು ಡಿಗ್ರಿಗೆ ಇಳಿದರೆ ಒಳಗೆ ತರಬೇಕೆಂದು ಕೇಳಿದ್ದೀರಿ. ಮೊದಲು ಆ ಕಂಬಳಿಗಳನ್ನು ಇವತ್ತೇ ಹೊರಗೆ ತೆಗೆಯಿರಿ. ಡಿಗ್ರಿಯ ಮಾತು ಆಮೇಲೆ.

ಇದೇ ಮಿನ್ನೆಸೋಟಾದ ಸೇಂಟ್ ಪಾಲ್ ನಗರದ ಹತ್ತಿರ ನಾವು ಮನೆ ಕೊಂಡ ಹೊಸತರಲ್ಲಿ ನನ್ನ ತಾಯಿ ತೀರ್ಥಹಳ್ಳಿಯಿಂದ ಬಂದು ನಮ್ಮೊಂದಿಗಿದ್ದರು. ಭೈರ ಎಂಬ ಲ್ಯಾಬ್ರಡಾರ್ ಮಿಶ್ರತಳಿಯ ನಾಯಿಯನ್ನು ತಂದಾಗ ಅವರು ಹಾಕಿದ ಷರತ್ತು ಒಂದೇ: ಅದು ಹೊಸ್ತಿಲು ದಾಟಬಾರದು. ಊರಿನಲ್ಲಿ ನಮ್ಮ ನಾಯಿಗಳೆಲ್ಲ ಜಗಲಿಯ ಕೆಳಗೋ ಬಚ್ಚಲೊಲೆಯ ಬೂದಿಯ ಪಕ್ಕದಲ್ಲೋ ಗೋಣಿಯ ಮೇಲೆ ಮಲಗಿಯೇ ಬದುಕಿದ್ದವಾದ್ದರಿಂದ ಆ ಷರತ್ತು ನನಗೂ ಅನ್ಯಾಯವೆನಿಸಲಿಲ್ಲ. ಗೋಡೆಗಳ ನಡುವೆ ಥರ್ಮಾಕೋಲ್ ಕೂರಿಸಿ, ನೆಲವನ್ನು ಮಣ್ಣಿನಿಂದ ಮೇಲೆತ್ತಿ, ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ನಾನೇ ಗೂಡು ಕಟ್ಟಿದೆ. ಒಳಗೆ ಹಳೆಯ ರಜಾಯಿಯನ್ನೂ ಅದರ ಮೇಲೆ ಎರಡು ಕಂಬಳಿಗಳನ್ನೂ ಹಾಸಿದೆ.

ಸೊನ್ನೆ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್ ಸುತ್ತಮುತ್ತಲಿನ ಒಣ ರಾತ್ರಿಗಳನ್ನು ಭೈರ ಅದರಲ್ಲಿ ನೆಮ್ಮದಿಯಾಗಿಯೇ ಕಳೆದ. ಅವನಿಗೆ ಕೇಡು ತಂದದ್ದು ಬೆಚ್ಚಗಿನ ಒಂದು ದಿನ. ಅಂದು ಮಧ್ಯಾಹ್ನ ಬಿಸಿಲು ಬಂದು ಹಿತ್ತಿಲಿನ ಹಿಮವೆಲ್ಲ ಕರಗಿ ಕೆಸರಾಯಿತು. ಸಂಜೆ ತುಂತುರು ಮಳೆಯೂ ಬಿತ್ತು. ಅದರಲ್ಲೇ ಹೊರಳಾಡಿ, ಹೊಟ್ಟೆಯ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಅವನು ಗೂಡು ಸೇರಿದ. ರಾತ್ರಿ ಗಾಳಿ ತಿರುಗಿ ಉಷ್ಣಾಂಶ ಒಮ್ಮೆಲೇ ಕುಸಿಯಿತು. ಬೆಳಗ್ಗೆ ಕೈಹಾಕಿ ಎಳೆದರೆ ಕಂಬಳಿ ಮಡಿಸಲಾರದ ಹಲಗೆಯಾಗಿತ್ತು. ಅವನು ಸುರುಳಿ ಸುತ್ತಿ ಮಲಗಿದ್ದ ತಗ್ಗು ಅದರಲ್ಲಿ ಹಾಗೆಯೇ ಅಚ್ಚಾಗಿ, ಅಂಚಿನ ಮಂಜುಗಡ್ಡೆಯಲ್ಲಿ ಅವನ ಕಪ್ಪು ಕೂದಲುಗಳು ಸಿಕ್ಕಿಕೊಂಡಿದ್ದವು. ಅದನ್ನು ಬಿಟ್ಟು ಅವನು ಮೂಲೆಯ ಬರಿಯ ಹಲಗೆಗೆ ಸರಿದಿದ್ದ. ಕಿವಿಗಳ ತುದಿ ಬಿಳಚಿಕೊಂಡು ಸೆಟೆದಿದ್ದವು. ಕಿವಿಯನ್ನು ತಿಕ್ಕಬಾರದು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೃದುವಾಗಿ ಒತ್ತಿ ಹಿಡಿಯಬೇಕು, ಕೂಡಲೇ ಕರೆತನ್ನಿ ಎಂದು ಪಶುವೈದ್ಯರು ಫೋನಿನಲ್ಲೇ ಹೇಳಿದರು. ಶೀತದಿಂದ ಸತ್ತ ಚರ್ಮ ಮೊದಲ ದಿನ ತನ್ನ ನಿಜ ತೋರಿಸುವುದಿಲ್ಲ; ಕೆಲವು ದಿನ ಕಳೆದ ಮೇಲೆ ಕಪ್ಪಾಗಿ ಒಣಗುತ್ತದೆ. ಹಾಗೆ ಕಪ್ಪಾದ ಎರಡೂ ತುದಿಗಳನ್ನು ಕೊನೆಗೆ ಕತ್ತರಿಸಬೇಕಾಯಿತು.

ನನ್ನ ತಪ್ಪು ಗೋಡೆಯಲ್ಲಿರಲಿಲ್ಲ, ಪರದೆಯಲ್ಲಿರಲಿಲ್ಲ, ಹಾಸಿಗೆಯಲ್ಲಿತ್ತು. ಇದನ್ನು ಎಳೆದು ಹೇಳುತ್ತಿದ್ದೇನೆ ಎನಿಸಿದರೆ ಕ್ಷಮಿಸಿ, ನೀವು ಇಟ್ಟಿರುವ ಹೆಜ್ಜೆ ಅದೇ ಆಗಿರುವುದರಿಂದ ಬಿಡಲಾರೆ. ಕಂಬಳಿ ತಾನಾಗಿ ಶಾಖ ಕೊಡುವುದಿಲ್ಲ. ಎಳೆಗಳ ನಡುವೆ ನಿಂತ ಗಾಳಿ ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ, ಅಷ್ಟೇ. ಮನುಷ್ಯ ಒಣಗಿದ ಮೈಯಲ್ಲಿ, ಒಣಗಿದ ಕೋಣೆಯಲ್ಲಿ ಹೊದೆಯುವುದರಿಂದ ಆ ಗಾಳಿ ಹಾಗೆಯೇ ಉಳಿಯುತ್ತದೆ. ನಾಯಿಯ ಗೂಡಿನಲ್ಲಿ ಪಾದಕ್ಕೆ ಅಂಟಿ ಬಂದ ಹಿಮ, ಕೂದಲಿನ ನೀರು, ರಾತ್ರಿಯಿಡೀ ಬಿಡುವ ಉಸಿರಿನ ತೇವ ಎಲ್ಲವೂ ಬಟ್ಟೆಗೇ ಇಳಿಯುತ್ತವೆ. ಗಾಳಿಯಿದ್ದ ಜಾಗದಲ್ಲಿ ನೀರು ನಿಂತು, ಆ ನೀರು ನಾಯಿಯ ಮೈಯಿಂದಲೇ ಶಾಖ ಹೀರಿ ಕೊನೆಗೆ ಹೆಪ್ಪುಗಟ್ಟುತ್ತದೆ. ಹಾಗಾದ ಮೇಲೆ ಕಂಬಳಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಗೋಧಿಯ ಹುಲ್ಲಿನ ಕಡ್ಡಿ ಟೊಳ್ಳಾಗಿರುತ್ತದೆ, ನೀರನ್ನು ಬಟ್ಟೆಯಂತೆ ಹಿಡಿದಿಡುವುದಿಲ್ಲ, ನಾಯಿ ಅದರೊಳಗೆ ಹುದುಗಿದರೆ ಮೈಯ ಸುತ್ತ ತಾನೇ ಕವಿದುಕೊಳ್ಳುತ್ತದೆ. ಮಲೆನಾಡಿನ ಕೊಟ್ಟಿಗೆಯಲ್ಲಿ ಹಸಿಯಾದ ಸೊಪ್ಪಿನ ಮೇಲೆ ದನ ಮಲಗಬಾರದೆಂದು ಮೇಲಿಂದ ಮೇಲೆ ಹೊಸ ಸೊಪ್ಪು ಹಾಸುವುದನ್ನು ನೋಡುತ್ತಲೇ ಬೆಳೆದವನಿಗೆ ಇದು ಹೊಳೆಯಲಿಲ್ಲವೆಂಬುದೇ ನನಗೆ ಇಂದಿಗೂ ಸೋಜಿಗ. ಮಿನ್ನೆಸೋಟಾದ ಕಾನೂನು ಹೊರಗಿಡುವ ನಾಯಿಗೆ ತೇವ ಮತ್ತು ಗಾಳಿ ನುಗ್ಗದ ಗೂಡು, ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಬಾಗಿಲಿಗೆ ಗಾಳಿತಡೆ, ಸಾಕಷ್ಟು ಹಾಸಿಗೆ ಇರಲೇಬೇಕೆನ್ನುತ್ತದೆ. ಆದರೆ ಹಾಸಿಗೆಗೆ ಆಗುವ ವಸ್ತುಗಳ ಪಟ್ಟಿಯಲ್ಲಿ ಹುಲ್ಲಿನೊಂದಿಗೆ ಕಂಬಳಿಯನ್ನೂ ಸೇರಿಸಿದೆ. ಕಾನೂನು ಪಾಲಿಸಿದೆನೆಂಬ ಸಮಾಧಾನ ನನಗೂ ಇತ್ತು.

ಆದ್ದರಿಂದಲೇ 'ಎಷ್ಟು ಡಿಗ್ರಿ' ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಒಣಗಿದ ನಾಯಿ ತಡೆದುಕೊಳ್ಳುವ ಚಳಿಯನ್ನು ನೆಂದ ನಾಯಿ ತಡೆಯಲಾರದು. ಬೇಸಿಗೆಯಿಂದಲೇ ಹೊರಗೆ ಮಲಗಿ ಒಳಕೂದಲು ದಟ್ಟವಾದ ನಾಯಿಗೂ, ನಿನ್ನೆಯವರೆಗೆ ಹೀಟರ್ ಪಕ್ಕದಲ್ಲಿ ಮಲಗಿದ್ದ ನಾಯಿಗೂ ಒಂದೇ ಅಂಕಿ ಹೊಂದುವುದಿಲ್ಲ. ಶೆಫರ್ಡ್‌ಗೆ ಎರಡು ಪದರದ ಕೂದಲಿದೆಯೆಂದು ನಿಮ್ಮ ಮನೆಯವರು ಹೇಳುವುದು ನಿಜ, ಆದರೆ ಭೈರನಿಗೂ ಅದಿತ್ತು. ನಿಮ್ಮದು ಇನ್ನೂ ಮರಿ, ಅದರ ನೆಟ್ಟಗೆ ನಿಂತ ತೆಳು ಕಿವಿಗಳಿಗೆ ಆ ಕೂದಲು ರಕ್ಷೆಯಲ್ಲ. ಹಿಮದ ಮೇಲೆ ಜಾರುಬಂಡಿ ಎಳೆಯುವ ಅಲಾಸ್ಕಾದ ಸ್ಲೆಡ್ ನಾಯಿಗಳನ್ನು ಉದಾಹರಿಸುವವರೂ ಇದ್ದಾರೆ. ಅವು ಅದಕ್ಕೆಂದೇ ಬೆಳೆದ ನಾಯಿಗಳು, ಕೊಬ್ಬು ತುಂಬಿದ ಆಹಾರ ತಿನ್ನುತ್ತವೆ. ಇಡಿಟರಾಡ್ ಎಂಬ ಅಲ್ಲಿನ ದೂರದ ಜಾರುಬಂಡಿ ಓಟದ ತಂಗುದಾಣಗಳಲ್ಲಿ ಅವುಗಳಿಗೂ ಹುಲ್ಲನ್ನೇ ಹಾಸುತ್ತಾರೆ, ಪರೀಕ್ಷಿಸಲು ಪಶುವೈದ್ಯರಿರುತ್ತಾರೆ.

ನನ್ನ ಅಭಿಪ್ರಾಯ ಸ್ಪಷ್ಟ: ಈ ರಾಜ್ಯದಲ್ಲಿ ಸಾಕುನಾಯಿಯನ್ನು ಚಳಿಗಾಲದ ರಾತ್ರಿ ಹೊರಗೆ ಮಲಗಿಸಬಾರದು. ಗ್ಯಾರೇಜೂ ಉತ್ತರವಲ್ಲ, ಕಾಂಕ್ರೀಟ್ ನೆಲದ ಥಂಡಿ ಹಾಗಿರಲಿ, ಎಂಜಿನ್ನಿನ ನೀರು ಹೆಪ್ಪುಗಟ್ಟದಂತೆ ಹಾಕುವ, ಕಾರಿನಿಂದ ಸೋರುವ ಆ್ಯಂಟಿಫ್ರೀಜ್ ಸಿಹಿಯಾಗಿರುವುದರಿಂದ ನಾಯಿ ನೆಕ್ಕುತ್ತದೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ನಮ್ಮಲ್ಲಿ ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಬೂಟು ಬಿಡುವ ಮಡ್ ರೂಮ್ ಇತ್ತು. ಕಿವಿಗೆ ಪಟ್ಟಿ ಕಟ್ಟಿದ ಭೈರನನ್ನು ನೋಡಿದ ಮೇಲೆ ಅಮ್ಮನೇ, ಚಪ್ಪಲಿ ಬಿಡುವ ಜಾಗ ಮನೆಯ ಒಳಗೆಂದು ಲೆಕ್ಕವಲ್ಲ ಎಂದು ತೀರ್ಪು ಕೊಟ್ಟರು. ಅಡ್ಡಗಟ್ಟಿದ ಮಕ್ಕಳ ಗೇಟಿನ ಈಚೆ ನಿಂತು, ಸೆರಗು ತಾಗದಂತೆ ಎತ್ತಿ ಹಿಡಿದು, ಉದ್ದ ಹಿಡಿಯ ಸೌಟಿನಿಂದ ಅವನ ಬಟ್ಟಲಿಗೆ ಮೊಸರನ್ನ ಹಾಕುತ್ತಿದ್ದರು. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 28 ಫ್ಯಾರನ್‌ಹೀಟ್ ದಾಖಲಾಗಿ ಅಂಚೆ ವಿತರಣೆಯೇ ನಿಂತಿದ್ದಾಗಲೂ ಅವನು ಅಲ್ಲಿಯೇ ಇದ್ದ, ಮೂತ್ರಕ್ಕೆಂದು ಹೊರಗೆ ಬಿಟ್ಟರೆ ಒಂದೊಂದೇ ಕಾಲೆತ್ತುತ್ತ ಕೂಡಲೇ ಹಿಂದಿರುಗುತ್ತಿದ್ದ. ನಿಮ್ಮ ಅತ್ತೆಯವರೊಂದಿಗೆ ಚರ್ಚಿಸಬೇಕಾದದ್ದು ಇಂತಹ ಜಾಗವನ್ನು, ಉಷ್ಣಾಂಶವನ್ನಲ್ಲ.

ಆ ಮಾತುಕತೆ ಮುಗಿಯುವವರೆಗೆ ಒಂದೆರಡು ರಾತ್ರಿ ಗೂಡೇ ಗತಿಯೆನ್ನುವುದಾದರೆ, ದನಕುದುರೆಗಳ ಮೇವು ಮಾರುವ ಅಂಗಡಿಯಲ್ಲಿ 'ಸ್ಟ್ರಾ' (ಕಾಳು ಬಿಡಿಸಿದ ಮೇಲೆ ಉಳಿಯುವ ಒಣ ಕಡ್ಡಿ) ಎಂದು ಕೇಳಿ ಒಂದು ಪಿಂಡಿ ತನ್ನಿ. 'ಹೇ' (ದನಕ್ಕೆ ಹಾಕುವ ಒಣಗಿಸಿದ ಮೇವಿನ ಹುಲ್ಲು) ತರಬೇಡಿ, ಅದು ತೇವ ಹೀರುತ್ತದೆ. ನಾಯಿ ಎದ್ದು ನಿಂತು ತಿರುಗಿ ಮಲಗುವುದಕ್ಕೆ ಬೇಕಾದಷ್ಟೇ ಜಾಗ ಉಳಿಯುವಂತೆ ಒಳಗೆ ದಟ್ಟವಾಗಿ ತುಂಬಿ, ಸಂಜೆ ಅದರ ಹೊಟ್ಟೆ ಮತ್ತು ಪಾದಗಳನ್ನು ಒರೆಸಿ ಪೂರ್ತಿ ಒಣಗಿಸಿದ ನಂತರವೇ ಒಳಗೆ ಬಿಡಿ. ಬೆಳಗ್ಗೆ ಹುಲ್ಲಿನ ತಳಕ್ಕೆ ಕೈಹಾಕಿ ಮುಟ್ಟಿ ನೋಡಿ, ತೇವವಿದ್ದರೆ ಎಲ್ಲವನ್ನೂ ತೆಗೆದು ಹೊಸದನ್ನು ಹಾಕಿ. ನೀರಿಗೆ ಸ್ಟೀಲ್ ಬಟ್ಟಲು ಇಡಬೇಡಿ; ಆ ಚಳಿಯಲ್ಲಿ ನಾಲಿಗೆ ಲೋಹಕ್ಕೆ ಅಂಟಿಕೊಳ್ಳುತ್ತದೆ.