ನೀರಿನಲ್ಲಿ ತೊಳೆದ ಮೇಲೆ ಹ್ಯಾಲೊಬ್ಯಾಕ್ಟೀರಿಯಂ ಕಾಣಿಸುತ್ತಿಲ್ಲ: ಪ್ರತಿಕ್ರಿಯೆ

ತುಂಬ ಉಪ್ಪಿರುವ ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿ ಹ್ಯಾಲೊಬ್ಯಾಕ್ಟೀರಿಯಂ ಅನ್ನು ತೊಳೆದ ಮೇಲೆ ಅದು ಕಾಣಿಸುತ್ತಿಲ್ಲವೇಕೆ ಎಂದು ಕೇಳಿದ್ದೀರಿ. ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದದ್ದೇ ಕಾರಣವಿರಬೇಕು. ಕೋಶಗಳು ಮಾಯವಾಗಿ ಕೊಳವೆಯಲ್ಲಿ ಲೋಳೆ ಉಳಿಯಿತು ಎಂದಿದ್ದೀರಲ್ಲ, ಆ ಲೋಳೆ ಬಹುಶಃ ಒಡೆದ ಕೋಶಗಳ ಡಿಎನ್‌ಎ. ನಾನೂ ಒಮ್ಮೆ ಹೀಗೆಯೇ ಇಡೀ ಕೊಳವೆಯನ್ನು ಹಾಳು ಮಾಡಿಕೊಂಡಿದ್ದೆ.

ಈ ಜೀವಿ ಹೊರಗಿನ ಉಪ್ಪಿಗೆ ಸರಿದೂಗಲು ಒಳಗೆ ಪೊಟ್ಯಾಸಿಯಂ ಕ್ಲೋರೈಡನ್ನು ತುಂಬಿಕೊಂಡಿರುತ್ತದೆ. ಅದರ ಪ್ರೋಟೀನುಗಳ ಮೈತುಂಬ ಋಣಾವೇಶ. ಉಪ್ಪು ಇಳಿದರೆ ಅವು ಆಕಾರ ಕಳೆದುಕೊಳ್ಳುತ್ತವೆ. ಹೊರಕವಚವೂ ಸೋಡಿಯಂ ಇಲ್ಲದೆ ನಿಲ್ಲದು.

ಮೊದಲು, ತೊಳೆಯದೆ ಉಳಿದ ಕೋಶಗಳಲ್ಲಿ ಒಂದು ಹನಿಯನ್ನು ನೀರಿಗೂ ಇನ್ನೊಂದನ್ನು ಶೇ. 25ರ ಉಪ್ಪುನೀರಿಗೂ ಹಾಕಿ. ನೀರಿನದು ಮಾತ್ರ ಕೂಡಲೇ ತಿಳಿಯಾದರೆ ಕಾರಣ ಇದೇ. ಮುಂದೆ ಅದೇ ಉಪ್ಪುನೀರಿಗೆ, ನೀವು ಕೋಶಗಳನ್ನು ಬೆಳೆಸುವ ಮಾಧ್ಯಮದಲ್ಲಿರುವಷ್ಟೇ ಮೆಗ್ನೀಸಿಯಂ ಸಲ್ಫೇಟ್ ಸೇರಿಸಿ ತೊಳೆಯಿರಿ. ಆ ದ್ರಾವಣದಲ್ಲೇ ಸೂಕ್ಷ್ಮದರ್ಶಕದ ಕೆಳಗೆ ನೋಡಿ. ಗ್ರಾಂ ಬಣ್ಣ (ಬ್ಯಾಕ್ಟೀರಿಯಾಗಳ ಬಗೆ ಗುರುತಿಸಲು ಹಾಕುವ ಬಣ್ಣ) ಹಾಕುವುದಿದ್ದರೆ ಗಾಜಿನ ಮೇಲೆ ತೆಳುವಾಗಿ ಸವರಿ ಒಣಗಿಸಿ, ಶೇ. 2ರ ಅಸಿಟಿಕ್ ಆಮ್ಲದಲ್ಲಿ 5 ನಿಮಿಷ ಮುಳುಗಿಸಿಡಿ. ಕೋಶ ಗಾಜಿಗೆ ಕಚ್ಚಿಕೊಳ್ಳುತ್ತದೆ, ಉಪ್ಪೂ ಕರಗಿ ಹೋಗುತ್ತದೆ. ಆಮೇಲೆ ಎಂದಿನಂತೆ ಬಣ್ಣ ಹಾಕಿ.

ಎರಡೂ ಹನಿಗಳು ಮಬ್ಬಾಗಿಯೇ ಉಳಿದರೆ ಮಾತ್ರ ನನ್ನ ಊಹೆ ತಪ್ಪು. ಆಗ ನಿಮ್ಮಲ್ಲಿರುವುದು ಹ್ಯಾಲೊಮೊನಾಸ್‌ನಂತಹ ಬ್ಯಾಕ್ಟೀರಿಯಾ ಇರಬಹುದು. ಅದು ಒಳಗೆ ಉಪ್ಪಿನ ಬದಲು ಎಕ್ಟೋಯಿನ್ ಎಂಬ ಸಾವಯವ ವಸ್ತುವನ್ನು ಕೂಡಿಡುತ್ತದೆ, ಉಪ್ಪು ತಗ್ಗಿದರೂ ತಾಳಿಕೊಳ್ಳುತ್ತದೆ. ಹಾಗಿದ್ದರೆ ತಳಿಯನ್ನೇ ಮತ್ತೊಮ್ಮೆ ಪರೀಕ್ಷಿಸಿ.