ಕೊಲೆಸ್ಟ್ರಾಲ್ ತೆಗೆದರೆ ಫ್ಲೂ ವೈರಸ್ ಸೋಲುತ್ತಾ?

ಜೀವಕೋಶದ ಪೊರೆಯ ಲಿಪಿಡ್ ರಾಫ್ಟ್‌ಗಳಿಂದ ವೈರಸ್‌ಗೆ ಏನು ಉಪಯೋಗ, ಕೊಲೆಸ್ಟ್ರಾಲ್ ಕಮ್ಮಿಯಾದರೆ ಸೋಂಕೂ ಕಮ್ಮಿಯಾಗುತ್ತಾ ಅಂತ ಕೇಳಿದ್ದೀರಿ. ಲ್ಯಾಬಿನಲ್ಲಿ ಫ್ಲೂ ವೈರಸ್ ಜೊತೆ ಏಗಿದವನು ನಾನು, ಅದನ್ನೇ ಹಿಡಿದು ಹೇಳುತ್ತೇನೆ.

ಚಳಿಗಾಲದ ಬೆಳಗ್ಗೆ ತುಪ್ಪದ ಡಬ್ಬಿ ತೆಗೆದು ನೋಡಿ. ಅರ್ಧ ತಿಳಿ, ನಡುನಡುವೆ ಮರಳು ಮರಳಾದ ಗಟ್ಟಿ ತುಪ್ಪ. ಪೊರೆಯೂ ಹೆಚ್ಚುಕಮ್ಮಿ ಹಾಗೇ. ಕೊಲೆಸ್ಟ್ರಾಲ್, ಸ್ಫಿಂಗೋಲಿಪಿಡ್ ಎಂಬ ಕೊಬ್ಬುಗಳು (ಲಿಪಿಡ್ ಅಂದರೆ ಕೊಬ್ಬು) ಒಟ್ಟಾದ ಕಡೆ ಬಿಗಿ, ಮಿಕ್ಕದ್ದು ಸಡಿಲ. ಆ ಬಿಗಿ ತುಣುಕಿಗೇ ರಾಫ್ಟ್ ಅನ್ನುವುದು. ವಿಜ್ಞಾನಿಗಳಾದ ಕೈ ಸೈಮನ್ಸ್ ಮತ್ತು ಎಲಿನಾ ಇಕೋನೆನ್ 1997ರಲ್ಲಿ ಈ ವಿಚಾರ ಮುಂದಿಟ್ಟರು. ಅಗಲ ಸುಮಾರು 10ರಿಂದ 200 ನ್ಯಾನೋಮೀಟರ್, ಕೂಡುತ್ತವೆ, ಕರಗುತ್ತವೆ. ಮಾಮೂಲಿ ಮೈಕ್ರೋಸ್ಕೋಪಿಗೆ ಸಿಗುವುದಿಲ್ಲ. ಅದಕ್ಕೇ ಇವುಗಳ ಬಗ್ಗೆ ಜಗಳ ಜಾಸ್ತಿ.

ಕೆಲವು ವೈರಸ್‌ಗೆ ಇದು ಒಳಬರುವ ದಾರಿ. ಎಸ್‌ವಿ40 ವೈರಸ್ ಜಿಎಂ1 ಎಂಬ ಲಿಪಿಡ್ಡನ್ನೇ ಹಿಡಿದು ಒಳಗೆ ಹೋಗುತ್ತದೆ. ಫ್ಲೂ ವಿಷಯದಲ್ಲಿ ಸ್ವಾರಸ್ಯ ಇರುವುದು ಹೊರಗೆ ಹೋಗುವಾಗ. ಅದರ ಮೈಮೇಲಿರುವ ಎಚ್‌ಎ, ಎನ್‌ಎ ಎಂಬ ಪ್ರೋಟೀನುಗಳು ರಾಫ್ಟ್‌ನಲ್ಲಿ ಬಂದು ಗುಂಪುಗೂಡುತ್ತವೆ. ಎಚ್‌ಎ ಬಾಲಕ್ಕೆ ಕೊಬ್ಬಿನಾಮ್ಲ ಅಂಟಿರುತ್ತದೆ, ಆ ಬಿಗಿ ಜಾಗ ಅದಕ್ಕೆ ಒಗ್ಗುತ್ತದೆ. ಎಂ2 ಎಂಬ ಇನ್ನೊಂದು ಫ್ಲೂ ಪ್ರೋಟೀನ್ ಮಾತ್ರ ರಾಫ್ಟ್‌ನ ಅಂಚಿನಲ್ಲೇ ನಿಲ್ಲುತ್ತದೆ. ಪೊರೆ ಮೊಗ್ಗಿನ ಹಾಗೆ ಉಬ್ಬಿದ ಮೇಲೆ ಅದರ ಕತ್ತು ಕತ್ತರಿಸುವುದು ಇದೇ ಎಂ2. ಆ ರಾಫ್ಟ್‌ನ ಕೊಬ್ಬನ್ನೇ ಹೊದ್ದು ಹೊಸ ವೈರಸ್ ಹೊರಬೀಳುತ್ತದೆ.

ಹಾಗಾದರೆ ಕೊಲೆಸ್ಟ್ರಾಲ್ ಕಿತ್ತರಾಯ್ತು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ನಾಯಿಯ ಕಿಡ್ನಿಯಿಂದ ಬಂದ ಎಂಡಿಸಿಕೆ ಕೋಶಗಳಿಗೆ ಸೈಕ್ಲೋಡೆಕ್ಸ್‌ಟ್ರಿನ್ ಹಾಕಿದೆ. ಅದು ಪೊರೆಯಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ವೈರಸ್ ಲೆಕ್ಕ ಧಡಕ್ಕನೆ ಇಳಿಯಿತು, ಖುಷಿಯೋ ಖುಷಿ. ಆಮೇಲೆ ಪ್ಲೇಟ್ ನೋಡಿದರೆ ಕೋಶಗಳೆಲ್ಲ ದುಂಡಗಾಗಿ, ತಳ ಬಿಟ್ಟು ತೇಲುತ್ತಿವೆ. ಡೋಸ್ ಜಾಸ್ತಿಯಾಗಿ ಅವೇ ಸತ್ತಿದ್ದವು. ಒಂದು ತಿಂಗಳ ಕೆಲಸ ಸಿಂಕಿಗೆ ಹೋಯಿತು.

ಸರಿಯಾಗಿ ಮಾಡಿದವರಿಗೆ ಸಿಕ್ಕ ಉತ್ತರ ಇನ್ನೂ ವಿಚಿತ್ರ. 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಸೋಂಕು ತಗಲಿದ ಎಂಡಿಸಿಕೆ ಕೋಶಗಳಿಂದ ಕೊಲೆಸ್ಟ್ರಾಲ್ ತೆಗೆದಾಗ ಹೊರಬಂದ ವೈರಸ್ ಕಣಗಳು ಕಮ್ಮಿಯಾಗಲಿಲ್ಲ, ಹೆಚ್ಚಾದವು! ಆದರೆ ಆ ಕಣಗಳಿಗೆ ಸೋಂಕು ತಗಲಿಸುವ ತಾಕತ್ತು ಕುಗ್ಗಿತ್ತು. ಹೊದಿಕೆ ಸಡಿಲ, ಮಾಲು ಕಳಪೆ.

ಇದನ್ನು ಓದಿ ಸುಮ್ನೆ ತುಪ್ಪ ಬಿಡಬೇಡಿ. ಪ್ಲೇಟಿನಲ್ಲಿ ಮಾಡಿದ್ದು ಊಟದಿಂದ ಆಗುವುದಿಲ್ಲ. ನಮ್ಮ ಕೋಶಗಳು ತಮಗೆ ಬೇಕಾದ ಕೊಲೆಸ್ಟ್ರಾಲ್ ತಾವೇ ತಯಾರಿಸಿಕೊಳ್ಳುತ್ತವೆ.