ಹಾಡುಗಳನ್ನೆಲ್ಲ ಒಂದೇ ಕಡೆ ಇಟ್ಟು ಮನೆಯವರೆಲ್ಲ ಕೇಳೋಕೆ ಯಾವ ನಾಸ್ ಕೊಳ್ಳಬೇಕು?

ಹಳೇ ಲ್ಯಾಪ್‌ಟಾಪು, ಎರಡು ಪೆನ್‌ಡ್ರೈವು, ತಂದೆಯವರ ಕ್ಯಾಸೆಟ್‌ಗಳಿಂದ ಮಾಡಿಕೊಂಡ ವೇವ್ ಕಡತಗಳು. ಇವನ್ನೆಲ್ಲ ರೇಡ್ 1 (ಬರೆದದ್ದೆಲ್ಲ ಎರಡೂ ಡಿಸ್ಕಿಗೆ ಹೋಗುವ ಏರ್ಪಾಡು) ಇರುವ ಎರಡು ಡಿಸ್ಕಿನ ನಾಸ್‌ಗೆ, ಅಂದರೆ ಮನೆಯ ನೆಟ್‌ವರ್ಕ್‌ಗೆ ಸೇರಿಸುವ ಡಿಸ್ಕ್ ಪೆಟ್ಟಿಗೆಗೆ, ಹಾಕಿಬಿಟ್ಟರೆ ನಿಶ್ಚಿಂತೆ ಅನ್ನೋದು ನಿಮ್ಮ ಲೆಕ್ಕ. ನನ್ನದೂ ಹೆಚ್ಚುಕಡಿಮೆ ಇದೇ ಲೆಕ್ಕವಾಗಿತ್ತು. ನಾಸ್ ಸದ್ಯಕ್ಕೆ ಬೇಡ. ಎರಡನೇ ಪ್ರತಿ ಹೇಗೆ ಹಾಳಾಗುತ್ತದೆ ಅನ್ನೋದನ್ನು ಮೊದಲು ನೋಡಿ.

ನನ್ನ ಏರ್ಪಾಡು ಹೀಗಿತ್ತು: ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರು, ಅದಕ್ಕೆ 2 ಟಿಬಿಯ ಪೋರ್ಟಬಲ್ ಡಿಸ್ಕು, ಪಕ್ಕದ ಕೋಣೆಯ ಹಳೇ ಲ್ಯಾಪ್‌ಟಾಪಿನಲ್ಲಿ ಅದರ ಪೂರ್ತಿ ಪ್ರತಿ. ರಾತ್ರಿ 2 ಗಂಟೆಗೆ ಆರ್‌ಸಿಂಕ್ ಎಂಬ ನಕಲು ಮಾಡುವ ತಂತ್ರಾಂಶ ಓಡಿ ಎರಡನ್ನೂ ಸರಿಸಮ ಮಾಡುತ್ತಿತ್ತು. ಇಲ್ಲಿ ಹೆಸರು ತಿದ್ದಿದ ಹಾಡು ಅಲ್ಲಿ ಹಳೇ ಹೆಸರಲ್ಲೊಮ್ಮೆ ಹೊಸ ಹೆಸರಲ್ಲೊಮ್ಮೆ ಕೂರಬಾರದೆಂದು ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಲ್ಲೂ ಅಳಿಸುವ 'ಡಿಲೀಟ್' ಆಯ್ಕೆ ಹಾಕಿದ್ದೆ. ಡಿಸ್ಕ್ ಕೈಕೊಟ್ಟರೂ ಪೈ ಬೂಟ್ ಆಗಲಿ ಎಂದು ಯಾವ ಡಿಸ್ಕ್ ಎಲ್ಲಿ ಸೇರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ 'ನೋಫೇಲ್' ಬರೆದಿದ್ದೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸರಿಯಾದ ಆಯ್ಕೆಗಳೇ.

ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಪೈ ಎದ್ದಿತು, ಡಿಸ್ಕ್ ಏಳಲಿಲ್ಲ. ಇಲ್ಲೇ ಎಲ್ಲ ಇರುವುದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೈಯನ್ನು ನಡೆಸುವ ಲಿನಕ್ಸ್‌ನಲ್ಲಿ ಡಿಸ್ಕನ್ನು ಒಂದು ಖಾಲಿ ಫೋಲ್ಡರಿನ ಮೇಲೆ ಮೌಂಟ್ ಮಾಡುತ್ತೇವೆ, ಅಂದರೆ ಜೋಡಿಸುತ್ತೇವೆ. ಡಿಸ್ಕ್ ಬಂದರೆ ಆ ಫೋಲ್ಡರಿನಲ್ಲಿ ಹಾಡುಗಳು ಕಾಣುತ್ತವೆ. ಬರದಿದ್ದರೂ ಫೋಲ್ಡರ್ ಅಲ್ಲೇ ಇರುತ್ತದೆ, ಖಾಲಿಯಾಗಿ. ಆರ್‌ಸಿಂಕ್‌ಗೆ ಮೂಲವಾಗಿ ನಾನು ಕೊಟ್ಟಿದ್ದು ಅದೇ ಫೋಲ್ಡರನ್ನು. ಓದುವಾಗ ಡಿಸ್ಕ್ ದೋಷ ಸಿಕ್ಕರೆ ಆರ್‌ಸಿಂಕ್ ಎಚ್ಚೆತ್ತು ಅಳಿಸುವ ಕೆಲಸ ಕೈಬಿಡುತ್ತದೆ. ಆದರೆ ಖಾಲಿ ಫೋಲ್ಡರ್ ದೋಷವಲ್ಲ. ಅದರ ಕಣ್ಣಿಗೆ ಯಜಮಾನ ಎಲ್ಲ ಹಾಡನ್ನೂ ಅಳಿಸಿದ್ದಾನೆ, ಪ್ರತಿಯಲ್ಲೂ ಅಳಿಸಬೇಕು. ಅಳಿಸಿತು. ಬೆಳಿಗ್ಗೆ ನೋಡಿದರೆ ಮೂಲ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿತ್ತು. ಮತ್ತೆ ಏಳಲೇ ಇಲ್ಲ. ಪ್ರತಿ ಬೇಕಾದ ದಿನವೇ ಪ್ರತಿ ಇರಲಿಲ್ಲ.

ತಡೆಯಲು ಬೇಕಿದ್ದದ್ದು ಒಂದೇ ಒಂದು ಹಂತದ ಒಳಫೋಲ್ಡರ್. ಡಿಸ್ಕಿನೊಳಗೆ 'ಸಂಗೀತ' ಎಂದು ಫೋಲ್ಡರ್ ಮಾಡಿ, ಹಾಡುಗಳನ್ನೆಲ್ಲ ಅದರೊಳಗಿಟ್ಟು, ಆರ್‌ಸಿಂಕ್‌ಗೆ ಆ ಒಳಗಿನ ಫೋಲ್ಡರನ್ನೇ ಮೂಲವಾಗಿ ಕೊಟ್ಟಿದ್ದರೆ, ಡಿಸ್ಕ್ ಬಾರದ ದಿನ ಆ ಹೆಸರಿನ ಫೋಲ್ಡರೇ ಸಿಗುತ್ತಿರಲಿಲ್ಲ. ಆರ್‌ಸಿಂಕ್ 23ನೇ ದೋಷಸಂಖ್ಯೆ ತೋರಿಸಿ, ಏನನ್ನೂ ಅಳಿಸದೆ ನಿಲ್ಲುತ್ತಿತ್ತು.

ರೇಡ್ 1 ಇದನ್ನು ತಡೆಯುತ್ತಿರಲಿಲ್ಲ. ಒಂದು ಡಿಸ್ಕ್ ಸತ್ತರೂ ಹಾಡು ನಿಲ್ಲದಿರಲಿ ಅನ್ನೋದಕ್ಕೆ ರೇಡ್. 'ಅಳಿಸು' ಅನ್ನೋ ಮಾತನ್ನು ಅದು ಎರಡೂ ಡಿಸ್ಕಿಗೆ ಒಂದೇ ಕ್ಷಣದಲ್ಲಿ ಹೇಳುತ್ತದೆ. ತಪ್ಪಾಗಿ ಫೋಲ್ಡರ್ ಅಳಿಸಿದರೂ, ವೈರಸ್ ಬಂದರೂ, ಪೆಟ್ಟಿಗೆಯ ಪವರ್ ಸಪ್ಲೈ ಸುಟ್ಟರೂ ಎರಡು ಡಿಸ್ಕಿಗೂ ಒಂದೇ ಗತಿ. ಮನೆಯಲ್ಲಿ ಹಾಡು ಕೇಳಲು ನಿಲ್ಲದ ಸೇವೆ ಬೇಕಿಲ್ಲ, ಒಂದು ದಿನ ನಿಂತರೆ ನಷ್ಟವಿಲ್ಲ. ನಿಮಗೆ ಬೇಕಾದದ್ದು ಹಿಂದಕ್ಕೆ ಹೋಗುವ ದಾರಿ.

ಅಳಿಸಿದ ಕಡತಗಳನ್ನು ಫೋಟೋರೆಕ್ ತಂತ್ರಾಂಶದಿಂದ ಹೆಕ್ಕಬಹುದು. ಡಿಸ್ಕಿಗೆ ಇನ್ನೇನೂ ಬರೆಯದೆ ತಕ್ಷಣ ಕಳಚಿಡಬೇಕು, ಹೆಕ್ಕಿದ್ದನ್ನು ಬೇರೆ ಡಿಸ್ಕಿಗೆ ಬರೆಸಬೇಕು. ಆದರೆ ಅದು ಕಡತವನ್ನು ಗುರುತಿಸುವುದು ಒಳಗಿನ ರೂಪ ನೋಡಿ, ಹೆಸರು ವಾಪಸ್ ಬರುವುದಿಲ್ಲ. ಎಫ್ ಅಕ್ಷರದ ಮುಂದೆ ಏಳೆಂಟು ಅಂಕೆ, ಅಷ್ಟೇ. ಫ್ಲಾಕ್ (ಧ್ವನಿ ಕಳೆಯದೆ ಕುಗ್ಗಿಸಿಟ್ಟ) ಕಡತಗಳೊಳಗೆ ಟ್ಯಾಗ್, ಅಂದರೆ ಹಾಡಿನ ವಿವರ, ಇತ್ತು, ಅದರಿಂದಲೇ ಕಿಡ್3 ತಂತ್ರಾಂಶ ಹೆಸರುಗಳನ್ನು ಮತ್ತೆ ಕಟ್ಟಿಕೊಟ್ಟಿತು. ಕ್ಯಾಸೆಟ್‌ನ ವೇವ್ ಕಡತಗಳಿಗೆ ಟ್ಯಾಗೇ ಇರಲಿಲ್ಲ. ಯಾವ ವರ್ಷದ ಯಾವ ಕಛೇರಿ, ಹಾಡಿದವರು ಯಾರು ಅನ್ನೋದೆಲ್ಲ ಇದ್ದದ್ದು ಕಡತದ ಹೆಸರಿನಲ್ಲಿ ಮಾತ್ರ. ಕಿವಿಯಿಂದ ಗುರುತಿಸಿದ್ದಷ್ಟೇ ಉಳಿಯಿತು.

ಅದಕ್ಕೇ ನಿಮ್ಮ ಮೊದಲ ಕೆಲಸ ಆ ವೇವ್ ಕಡತಗಳು. ಸಿಡಿ ಗುಣಮಟ್ಟದಲ್ಲಿ, ಅಂದರೆ 44.1 ಕಿಲೋಹರ್ಟ್ಸ್ 16 ಬಿಟ್‌ನಲ್ಲಿ, ಸಿ-90 ಕ್ಯಾಸೆಟ್‌ನ ಒಂದು ಬದಿಯ 45 ನಿಮಿಷಕ್ಕೆ ಸುಮಾರು 476 ಎಂಬಿ ಆಗುತ್ತದೆ. ಫ್ಲಾಕ್‌ಗೆ ತಿರುಗಿಸಿ: ಧ್ವನಿಯಲ್ಲಿ ಒಂದು ಬಿಟ್ಟೂ ಕಳೆಯುವುದಿಲ್ಲ, ಜಾಗ ಉಳಿಯುತ್ತದೆ, ಟ್ಯಾಗ್ ಕಡತದೊಳಗೇ ಕೂರುತ್ತದೆ. ಧ್ವನಿಯ ಎಂಡಿ5 ಮೊತ್ತವೂ (ತಾಳೆ ನೋಡುವ ಸಂಖ್ಯೆ) ಒಳಗಿರುವುದರಿಂದ ಫ್ಲಾಕ್‌ನ ಟೆಸ್ಟ್ ಆಯ್ಕೆ ಓಡಿಸಿ ಕಡತ ಕೆಟ್ಟಿದೆಯೇ ಎಂದು ಯಾವಾಗ ಬೇಕಾದರೂ ನೋಡಬಹುದು. ಹಳೇ ಎಂಪಿ3ಗಳನ್ನು ಮಾತ್ರ ಫ್ಲಾಕ್ ಮಾಡಬೇಡಿ. ಹೋದ ಧ್ವನಿ ಬರುವುದಿಲ್ಲ, ಕಡತ ದಪ್ಪವಾಗುತ್ತದೆ ಅಷ್ಟೇ.

ಟ್ಯಾಗ್ ಕನ್ನಡದಲ್ಲೇ ಇರಲಿ, ಕಡತದ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡಾಭಿಮಾನಕ್ಕೆ ವಿರುದ್ಧ ಅನ್ನಿಸಬಹುದು, ಆದರೆ ಕಾರಣವಿದೆ. ಲಿನಕ್ಸ್ ಡಿಸ್ಕಿನಲ್ಲಿ ಕಡತ ಜೋಡಿಸಿಡುವ ಇಎಕ್ಸ್‌ಟಿ4 ಪದ್ಧತಿಯಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕ್ಷ' ಕಣ್ಣಿಗೆ ಒಂದೇ ಅಕ್ಷರ, ಒಳಗೆ ಕಕಾರ, ವಿರಾಮ, ಷಕಾರ ಸೇರಿ 9 ಬೈಟ್. ಅಂದರೆ ಹೆಸರಿಗೆ ಸಿಗುವುದು 85 ಸಂಕೇತ ಮಾತ್ರ. ವಿಂಡೋಸ್‌ನ ಲೆಕ್ಕ ಬೇರೆ, ಅಲ್ಲಿ ಹಿಡಿಸಿದ ರಾಗ-ತಾಳ-ವಾಗ್ಗೇಯಕಾರರ ಉದ್ದನೆಯ ಹೆಸರು ಪೈಗೆ ಬರುವಾಗ ಹಿಡಿಸದೆ ನಕಲು ಅರ್ಧಕ್ಕೆ ನಿಲ್ಲುತ್ತದೆ. ಇನ್ನೊಂದು ತೊಡಕು ಹಳೇ ಮ್ಯಾಕ್‌ಗಳದ್ದು. ಅವುಗಳ ಕಡತ ಪದ್ಧತಿಯಾದ ಎಚ್‌ಎಫ್‌ಎಸ್ ಪ್ಲಸ್ 'ಜೋಗಿ'ಯ ಓಕಾರವನ್ನು ಒಡೆದು ಮೂರು ತುಂಡಾಗಿ ಇಡುತ್ತದೆ. ಲಿನಕ್ಸ್‌ಗೆ ಅದು ಬೇರೆಯೇ ಹೆಸರು, ಆಗ ಒಂದೇ ರೀತಿ ಕಾಣುವ ಎರಡು ಫೋಲ್ಡರ್ ಅಕ್ಕಪಕ್ಕ ಕೂರುತ್ತವೆ, ಹಾಡು ಅದರಲ್ಲಿ ಅರ್ಧ ಇದರಲ್ಲಿ ಅರ್ಧ.

ಟ್ಯಾಗ್‌ಗಳಲ್ಲಿ 'ಆಲ್ಬಮ್ ಆರ್ಟಿಸ್ಟ್' ಖಾಲಿ ಬಿಡಬೇಡಿ. ಸಿನಿಮಾ ಹಾಡಿನ ಒಂದೇ ಆಲ್ಬಮ್‌ನಲ್ಲಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ವಾಣಿ ಜಯರಾಂ ಎಲ್ಲರೂ ಇರುತ್ತಾರೆ; ಅದು ಖಾಲಿಯಿದ್ದರೆ ಆಲ್ಬಮ್ ತುಂಡಾಗಿ ಕಾಣಿಸಬಹುದು. ಅಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿ, ರಾಜನ್-ನಾಗೇಂದ್ರ ಅಂತಲೋ ಹಂಸಲೇಖ ಅಂತಲೋ. ಭಾವಗೀತೆಗೆ 'ಲಿರಿಸಿಸ್ಟ್' ಜಾಗದಲ್ಲಿ ಕವಿಯ ಹೆಸರು ತುಂಬಿ, ಬೇಂದ್ರೆಯವರದ್ದು, ಕೆ.ಎಸ್. ನರಸಿಂಹಸ್ವಾಮಿಯವರದ್ದು ಬೇರೆಬೇರೆಯಾಗಿ ಹುಡುಕಲು ಅದೇ ಆಧಾರ. ಸಿ. ಅಶ್ವಥ್ ಹೆಸರು ಮೂರು ಬಗೆಯಲ್ಲಿ ಬರೆದಿದ್ದರೆ ಆ್ಯಪ್‌ನಲ್ಲಿ ಮೂವರು ಅಶ್ವಥ್ ಇರುತ್ತಾರೆ. ಇದು ಬೇಸರದ ಕೆಲಸ, ವಾರಗಟ್ಟಲೆ ಹಿಡಿಯುತ್ತದೆ, ಆದರೆ ಇದನ್ನು ಮಾಡದೆ ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಬೇಕಾದ ಹಾಡು ಸಿಗುವುದಿಲ್ಲ.

ನುಡಿಸುವ ಭಾಗ ಸುಲಭ. ಫ್ಲಾಕ್‌ನಲ್ಲಿ ಒಂದು ಸಿಡಿಗೆ ಸುಮಾರು 350 ಎಂಬಿ ಅಂದುಕೊಂಡರೂ 500 ಸಿಡಿ 175 ಜಿಬಿ. 1 ಟಿಬಿ ಧಾರಾಳ. ನಿಮ್ಮ ಹಳೇ ಲ್ಯಾಪ್‌ಟಾಪೇ ಸರ್ವರ್ ಆಗಲಿ, ಅದರ ಬ್ಯಾಟರಿ ಇನ್ನೂ ಜೀವಂತವಿದ್ದರೆ ಯುಪಿಎಸ್ ಕೂಡ ಆಯಿತು. ಪೈ 4 ಬಳಸುವುದಾದರೆ ಅದರ ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಸೇರಿ 1.2 ಆಂಪಿಯರ್ ಮಾತ್ರ. ತಿರುಗುವ ಡಿಸ್ಕ್ ಎರಡಾದರೆ ಸ್ವಂತ ಅಡಾಪ್ಟರ್ ಇರುವ ಹಬ್ ಬೇಕೇ ಬೇಕು. ಹಾಡುಗಳನ್ನು ಎಲ್ಲ ಸಾಧನಗಳಿಗೂ ಕಳಿಸುವ ನ್ಯಾವಿಡ್ರೋಮ್ ತಂತ್ರಾಂಶ ಹಾಕಿ, ಅದಕ್ಕೆ ಸಂಗೀತದ ಫೋಲ್ಡರನ್ನು ಓದಲು ಮಾತ್ರ ಕೊಡಿ, ಬರೆಯುವ ಹಕ್ಕು ಬೇಡ. ಬ್ರೌಸರ್‌ನಲ್ಲಿ 4533ನೇ ಪೋರ್ಟ್‌ನಲ್ಲಿ ಸಿಗುತ್ತದೆ. ಫೋನ್‌ಗಳಿಗೆ ನ್ಯಾವಿಡ್ರೋಮ್ ಮಾತಾಡುವ ಸಬ್‌ಸಾನಿಕ್ ಭಾಷೆ ತಿಳಿಯುವ ಯಾವ ಆ್ಯಪ್ ಆದರೂ ಸರಿ, ಆಂಡ್ರಾಯ್ಡ್‌ನಲ್ಲಿ ಸಿಂಫೋನಿಯಂ, ಐಫೋನ್‌ನಲ್ಲಿ ಆ್ಯಂಪರ್‌ಫೈ. ಮೊಬೈಲ್ ಡೇಟಾದಲ್ಲಿ ಕೇಳುವಾಗ 128 ಕಿಲೋಬಿಟ್‌ನ ಓಪಸ್ ಎಂಬ ಚಿಕ್ಕ ರೂಪಕ್ಕೆ ಇಳಿಸಿ ಕಳಿಸು ಎಂದು ಹೇಳಿಡಿ, ಮೂಲ ಫ್ಲಾಕ್ ಹಾಗೇ ಇರುತ್ತದೆ. ಟಿವಿಗೆ ಕೋಡಿ ಎಂಬ ಪ್ಲೇಯರ್ ಸಾಕು. ಮನೆಯಾಚೆ ಕೇಳಲು ರೂಟರ್‌ನಲ್ಲಿ ಪೋರ್ಟ್ ತೆರೆಯಬೇಡಿ, ನಿಮ್ಮ ಸಾಧನಗಳ ನಡುವೆ ಮಾತ್ರ ಖಾಸಗಿ ದಾರಿ ಕಟ್ಟುವ ಟೇಲ್‌ಸ್ಕೇಲ್ ಬಳಸಿ. ನಮ್ಮಲ್ಲಿ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಿಗೆ ಸ್ವಂತ ಐಪಿ ವಿಳಾಸವೇ ಇರುವುದಿಲ್ಲ, ಪೋರ್ಟ್ ತೆರೆದರೂ ಹೊರಗಿನಿಂದ ದಾರಿಯಿರದು.

ಕಾವಲಿನ ವಿಷಯಕ್ಕೆ ಬರುತ್ತೇನೆ. ಒಳಫೋಲ್ಡರಿನ ಜೊತೆಗೆ, ರಾತ್ರಿ ಆರ್‌ಸಿಂಕ್ ಓಡಿಸುವ ಸ್ಕ್ರಿಪ್ಟಿನ (ಆಜ್ಞೆಗಳ ಕಡತ) ಮೊದಲ ಸಾಲಿನಲ್ಲೇ 'ಮೌಂಟ್‌ಪಾಯಿಂಟ್' ಆಜ್ಞೆಯಿಂದ ಮೂಲ, ಪ್ರತಿ ಎರಡೂ ಡಿಸ್ಕ್ ನಿಜವಾಗಿ ಬಂದಿವೆಯೇ ನೋಡಿಸಿ. ಇಲ್ಲದಿದ್ದರೆ ಅಲ್ಲೇ ನಿಲ್ಲಲಿ. 'ಮ್ಯಾಕ್ಸ್ ಡಿಲೀಟ್' 50 ಎಂದಿಡಿ, ಅದಕ್ಕಿಂತ ಹೆಚ್ಚು ಅಳಿಸಬೇಕಾಗಿ ಬಂದರೆ ಆರ್‌ಸಿಂಕ್ 25ನೇ ದೋಷಸಂಖ್ಯೆ ಕೊಡುತ್ತದೆ. ಆದರೆ ಗಮನಿಸಿ, ಮೊದಲ 50 ಅಷ್ಟರಲ್ಲಿ ಹೋಗಿರುತ್ತವೆ. ಹಾಗಾಗಿ 'ಬ್ಯಾಕಪ್' ಮತ್ತು 'ಬ್ಯಾಕಪ್ ಡಿರ್' ಆಯ್ಕೆಗಳೂ ಬೇಕು: ಅಳಿಸಬೇಕಾದ, ಬದಲಾಗಬೇಕಾದ ಹಳೇ ಕಡತ ಆ ದಿನದ ತಾರೀಖಿನ ಫೋಲ್ಡರಿಗೆ ಸರಿಯುತ್ತದೆ. ಆ ಫೋಲ್ಡರ್ ಅದೇ ಡಿಸ್ಕಿನಲ್ಲಿರಲಿ, ಪ್ರತಿಯ ಫೋಲ್ಡರಿನ ಒಳಗೆ ಮಾತ್ರ ಬೇಡ. ಒಳಗಿದ್ದರೆ ಮರುದಿನದ ಓಟದಲ್ಲಿ ಅದನ್ನೂ ಬೇಡದ್ದೆಂದು ಅಳಿಸಿಬಿಡಬಹುದು.

ನಾಸ್‌ಗೆಂದು ಎತ್ತಿಟ್ಟ ದುಡ್ಡಿನಲ್ಲಿ 1 ಟಿಬಿಯ ಎರಡು ಡಿಸ್ಕ್ ತನ್ನಿ, ಬೇರೆ ಬೇರೆ ಕಂಪನಿಯದ್ದು. ಒಂದು ರಾತ್ರಿಯ ಪ್ರತಿಗೆ. ಇನ್ನೊಂದು ಊರಲ್ಲೋ ಅಕ್ಕನ ಮನೆಯಲ್ಲೋ ಬೀರುವಿನಲ್ಲಿರಲಿ, ಮೂರು ತಿಂಗಳಿಗೊಮ್ಮೆ ತಂದು ಆರ್‌ಸಿಂಕನ್ನು ಮೊದಲು 'ಡ್ರೈ ರನ್' (ಏನನ್ನೂ ಬದಲಿಸದ ಪ್ರಯೋಗದ ಓಟ) ಮಾಡಿ, ಅದು ತೋರಿಸುವ ಅಳಿಸುವ ಪಟ್ಟಿಯನ್ನು ಕಣ್ಣಾರೆ ಓದಿ, ಆಮೇಲೆ ಓಡಿಸಿ. ಕ್ಯಾಸೆಟ್‌ಗಳನ್ನು ಡಿಜಿಟಲ್ ಆಯಿತಲ್ಲ ಎಂದು ಎಸೆಯಬೇಡಿ.